ದೂರಶಿಕ್ಷಣದಲ್ಲಿ ಕನ್ವೇಯನ್ಸರ್ ಪರವಾನಗಿ: ಇಂಗ್ಲೆಂಡಿನಲ್ಲಿ ನನ್ನ ಅನುಭವ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ, ಜಮೀನುಗಳ ಕ್ರಯವಿಕ್ರಯಕ್ಕೆ ಸಂಬಂಧಿಸಿದ ಕಾನೂನು ಕೆಲಸ ಬಹುಕಾಲ ಸಾಲಿಸಿಟರುಗಳೆಂಬ ವಕೀಲರ ಕೈಯಲ್ಲಿಯೇ ಇತ್ತು. 1985ರ ಅಡ್ಮಿನಿಸ್ಟ್ರೇಶನ್ ಆಫ್ ಜಸ್ಟಿಸ್ ಆಕ್ಟ್ ಆ ಏಕಸ್ವಾಮ್ಯವನ್ನು ಮುರಿದು, ಲೈಸೆನ್ಸ್ಡ್ ಕನ್ವೇಯನ್ಸರ್ ಎಂಬ ಹೊಸ ವೃತ್ತಿಯನ್ನೂ ಅದನ್ನು ನಿಯಂತ್ರಿಸುವ ಕೌನ್ಸಿಲ್ ಒಂದನ್ನೂ ಹುಟ್ಟುಹಾಕಿತು. ಈ ಪರವಾನಗಿಗೆ ಕಾನೂನು ಪದವಿ ಇರಲೇಬೇಕೆಂದಿಲ್ಲ. ನಾಲ್ಕನೆಯ ಹಂತದ ಡಿಪ್ಲೊಮಾ, ಆ ಮೇಲೆ ಆರನೆಯ ಹಂತದ ಡಿಪ್ಲೊಮಾ, ಜೊತೆಗೆ ಅರ್ಹ ವಕೀಲರ ಮೇಲ್ವಿಚಾರಣೆಯಲ್ಲಿ 1,200 ಗಂಟೆಗಳ ಕೆಲಸ, ಇಷ್ಟಿದ್ದರೆ ಅರ್ಜಿ ಹಾಕಬಹುದು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಮದುವೆಯಾಗಿ ಲೆಸ್ಟರ್‌ಗೆ ಬಂದಿದ್ದ ನನಗೆ ಈ ದಾರಿ ಹಿಡಿಸಲು ಮುಖ್ಯ ಕಾರಣ, ಎರಡೂ ಡಿಪ್ಲೊಮಾಗಳನ್ನು ಮನೆಯಲ್ಲಿ ಕುಳಿತೇ ಓದಬಹುದಾಗಿದ್ದುದು.

ಮನೆಯಲ್ಲಿ ಕುಳಿತು ಓದಬಹುದೆಂಬುದು ನಿಜವಾದರೂ, ಮನೆಯಲ್ಲಿ ಕುಳಿತು ಕಲಿಯಬಹುದೆಂದು ನಾನು ಹೇಳಲಾರೆ. ಈ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಮೊದಲು ಕನ್ವೇಯನ್ಸಿಂಗ್ ಕಚೇರಿಯೊಂದರಲ್ಲಿ ಎಷ್ಟೇ ಕೆಳಗಿನದಾದರೂ ಒಂದು ಕೆಲಸ ಹಿಡಿಯಬೇಕು, ಕೋರ್ಸಿನ ಶುಲ್ಕ ಕಟ್ಟುವುದು ಆಮೇಲಿನ ಮಾತು. ನಾನು ಸೇರಿದ್ದು ‘ಪೋಸ್ಟ್ ಕಂಪ್ಲೀಶನ್’ ವಿಭಾಗಕ್ಕೆ. ಕ್ರಯ ಮುಗಿದು, ಬೀಗದ ಕೈ ಕೊಳ್ಳುವವರಿಗೆ ಸಿಕ್ಕ ಮೇಲೆ ಉಳಿಯುವ ಕಾಗದಪತ್ರಗಳ ಕೆಲಸ ಅದು. ಕಚೇರಿಯಲ್ಲಿ ಯಾರಿಗೂ ಅದರ ಮೇಲೆ ಅಂಥ ಪ್ರೀತಿಯಿರಲಿಲ್ಲ. ಆದರೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ, ಏಕೆಂದರೆ ಕಡತ ಅಲ್ಲಿಗೆ ಬರುವಾಗ ಆರಂಭದಿಂದ ಅಂತ್ಯದವರೆಗೆ ಪೂರ್ತಿಯಾಗಿರುತ್ತದೆ ಮತ್ತು ಹಿಂದಿನವರು ಬಿಟ್ಟ ಕೊರತೆಗಳೆಲ್ಲ ಅಲ್ಲಿಯೇ ಹೊರಬೀಳುತ್ತವೆ.

ಕ್ರಯಕ್ಕೆ ಮೊದಲು ಕೊಳ್ಳುವವರ ಪರವಾಗಿ ಓಎಸ್1 ಎಂಬ ನಮೂನೆಯಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ, ಅಂದರೆ ಆಸ್ತಿ ಒಡೆತನವನ್ನು ದಾಖಲಿಸುವ ಸರ್ಕಾರಿ ಕಚೇರಿಯಲ್ಲಿ, ಶೋಧ ಮಾಡಿಸುತ್ತಾರೆ. ಅದರಿಂದ 30 ಕೆಲಸದ ದಿನಗಳ ಆದ್ಯತೆ ಸಿಗುತ್ತದೆ. ಆ ಅವಧಿಯೊಳಗೆ ನಮ್ಮ ನೋಂದಣಿ ಅರ್ಜಿ ಸೇರಿದರೆ, ಮಧ್ಯೆ ಬೇರೆ ಯಾರು ಏನನ್ನು ದಾಖಲಿಸಲು ಬಂದರೂ ಅವರು ನಮ್ಮ ಹಿಂದೆಯೇ ನಿಲ್ಲಬೇಕು. ಜೊತೆಗೆ ಆಸ್ತಿ ಕೊಂಡವರು ಕಟ್ಟಬೇಕಾದ ಸ್ಟ್ಯಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್‌ನ ವಿವರಪತ್ರ ಸಲ್ಲಿಸಿ ತೆರಿಗೆ ಕಟ್ಟಲು 14 ದಿನ. ನನಗೆ ಅಂಚೆಯಲ್ಲಿ ಬಂದ ಪಾಠಗಳ ಒಂದು ಕಂತಿನಲ್ಲಿ ಇದು ಇನ್ನೂ 30 ದಿನವೆಂದೇ ಅಚ್ಚಾಗಿತ್ತು. 2019ರ ಮಾರ್ಚ್ 1ರಿಂದ ಆ ಅವಧಿ 14 ದಿನಕ್ಕೆ ಇಳಿದಿರುವುದು ದಿನವೂ ಅದೇ ಕೆಲಸ ಮಾಡುತ್ತಿದ್ದ ನನಗೆ ಗೊತ್ತಿತ್ತು. ಪುಸ್ತಕವನ್ನೇ ನಂಬಿ ಓದುತ್ತಿದ್ದ ಸಹಪಾಠಿಗಳಿಗೆ ಗೊತ್ತಿರಲಿಲ್ಲ.

ಪಠ್ಯದಲ್ಲಿ ಕರಾರು ಕಾನೂನು ನನಗೆ ಹಗುರವೆನಿಸಿತು. ಬಿ.ಕಾಂ.ನಲ್ಲಿ 1872ರ ಭಾರತೀಯ ಕರಾರು ಅಧಿನಿಯಮವನ್ನು ಓದಿದವರಿಗೆ ಜಾಹೀರಾತಿನ ಮಾತೂ ಕರಾರಾಗಬಹುದೆಂದು ಹೇಳಿದ ಕಾರ್ಬೋಲಿಕ್ ಸ್ಮೋಕ್ ಬಾಲ್ ಕಂಪನಿಯ 1893ರ ಮೊಕದ್ದಮೆ ಹಳೆಯ ಪರಿಚಯವೇ. ಎಚ್ಚರ ಬೇಕಾದದ್ದು ಸಣ್ಣ ವ್ಯತ್ಯಾಸಗಳಲ್ಲಿ: ವಚನಕ್ಕೆ ಬದಲಾಗಿ ಕೊಡುವ ಪ್ರತಿಫಲವು ಬೇರೆ ಯಾರಿಂದ ಬಂದರೂ ನಡೆಯುತ್ತದೆಂದು ನಮ್ಮ ಕಾಯ್ದೆ ಹೇಳಿದರೆ, ಇಂಗ್ಲಿಷ್ ಕಾನೂನಿನಲ್ಲಿ ಅದು ವಚನ ಪಡೆದವನಿಂದಲೇ ಬರಬೇಕು. ಲೆಕ್ಕಪತ್ರದ ಭಾಗವೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಭೂಕಾನೂನು. ನಮ್ಮ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ, ಕ್ರಯದ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಅಗ್ರಿಮೆಂಟ್ ಮಾಡಿಕೊಂಡು ಮುಂಗಡ ಕೊಟ್ಟವನಿಗೆ ಕ್ರಯಪತ್ರ ನೋಂದಣಿಯಾಗುವವರೆಗೆ ಜಮೀನು ತನ್ನದಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ, ಕರಾರುಗಳ ವಿನಿಮಯವಾದ ಗಳಿಗೆಯಿಂದ ಕೊಳ್ಳುವವನಿಗೆ ಈಕ್ವಿಟಿಯ ಹಕ್ಕು, ಅಂದರೆ ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ನ್ಯಾಯಾಲಯ ಮನ್ನಿಸುವ ಹಕ್ಕು, ಹುಟ್ಟುತ್ತದೆ, ಮಾರುವವನು ಒಂದರ್ಥದಲ್ಲಿ ಅವನ ಪರವಾಗಿ ಆಸ್ತಿಯನ್ನು ಹಿಡಿದುಕೊಂಡಿರುವ ಧರ್ಮದರ್ಶಿ (ಟ್ರಸ್ಟಿ) ಆಗುತ್ತಾನೆ. ಒಂದೇ ಮನೆಗೆ ಏಕಕಾಲದಲ್ಲಿ ಎರಡು ಬಗೆಯ ಒಡೆತನವೆಂಬುದು ಎಷ್ಟು ಸಲ ಓದಿದರೂ ನನ್ನ ತಲೆಗೆ ಇಳಿಯಲಿಲ್ಲ.

ಅದು ಇಳಿದದ್ದು ಕಚೇರಿಯ ಹಿರಿಯರೊಬ್ಬರು ದೂರವಾಣಿಯಲ್ಲಿ ಕರಾರು ವಿನಿಮಯ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ. ಎರಡೂ ಕಡೆಯ ವಕೀಲರು ತಮ್ಮ ತಮ್ಮ ಕಕ್ಷಿದಾರರು ಸಹಿ ಮಾಡಿದ ಪ್ರತಿಗಳನ್ನು ಕೈಯಲ್ಲಿ ಹಿಡಿದು, ಸಾಲಿಸಿಟರುಗಳ ಸಂಘವಾದ ಲಾ ಸೊಸೈಟಿಯ ‘ಫಾರ್ಮುಲಾ ಬಿ’ ಪ್ರಕಾರ ಎಂದು ಹೇಳಿಕೊಂಡು, ಬೆಲೆ, ಠೇವಣಿ, ಕ್ರಯ ಮುಗಿಸುವ ದಿನಾಂಕಗಳನ್ನು ಓದಿ ಒಪ್ಪಿಸಿಕೊಂಡರು. ಬಳಿಕ ಗಡಿಯಾರ ನೋಡಿ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ವಿನಿಮಯವಾಯಿತೆಂಬುದನ್ನು ಇಬ್ಬರೂ ಬರೆದುಕೊಂಡರು. ಆ ನಿಮಿಷಕ್ಕೆ ಮೊದಲು ಯಾರು ಬೇಕಾದರೂ ಹಿಂದೆ ಸರಿಯಬಹುದಿತ್ತು, ಅನಂತರ ಯಾರಿಗೂ ಸಾಧ್ಯವಿರಲಿಲ್ಲ. ಹಿರಿಯರು ಫೋನ್ ಇಟ್ಟವರೇ ಕೊಳ್ಳುವವರ ಕಟ್ಟಡ ವಿಮೆ ಜಾರಿಯಲ್ಲಿದೆಯೇ ಎಂದು ಕೇಳಿದರು. ನಷ್ಟದ ಹೊಣೆ ಆಗಲೇ ಅವರ ಮೇಲೆ ಬಂದಿರಬಹುದಾಗಿತ್ತು, ಮನೆಗೆ ಅವರಿನ್ನೂ ಕಾಲಿಟ್ಟಿರದಿದ್ದರೂ.

1980ರಲ್ಲಿ, ಆಗ ಅತ್ಯುಚ್ಚ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಬೋಲಂಡ್ ಮೊಕದ್ದಮೆಯೂ ಹೀಗೆಯೇ ಕಡತದಿಂದ ತಿಳಿಯಾಯಿತು. ಮನೆ ಗಂಡನೊಬ್ಬನ ಹೆಸರಿನಲ್ಲಿತ್ತು. ಕೊಳ್ಳುವಾಗ ಹಣ ಹಾಕಿದ್ದ ಹೆಂಡತಿ ಅಲ್ಲಿಯೇ ವಾಸವಿದ್ದಳು. ಗಂಡ ಅವಳ ಅರಿವಿಲ್ಲದೆ ಬ್ಯಾಂಕಿಗೆ ಅಡಮಾನ ಮಾಡಿದ. ದಾಖಲೆಯಲ್ಲಿ ಕಾಣದಿದ್ದರೂ ಅವಳ ಹಕ್ಕು ಬ್ಯಾಂಕನ್ನು ಕಟ್ಟಿಹಾಕುತ್ತದೆಂದು ತೀರ್ಪಾಯಿತು. ಮಾರುವವರನ್ನು ಬಿಟ್ಟು ಬೇರೆ ಯಾರು ಮನೆಯಲ್ಲಿದ್ದಾರೆಂದು, ಮಾರುವವರು ಮನೆಯ ವಿವರ ತುಂಬಿಕೊಡುವ ಟಿಎ6 ನಮೂನೆಯಲ್ಲಿ ಕೇಳುವುದು, ಇದ್ದವರಿಂದ ಒಪ್ಪಿಗೆಯ ಸಹಿ ತರಿಸುವುದು ಇದರ ಫಲ. ನಮ್ಮೂರಿನಲ್ಲಿಯೂ ಕ್ರಯಪತ್ರಕ್ಕೆ ಹೆಂಡತಿ ಮಕ್ಕಳ ಒಪ್ಪಿಗೆ ಸಹಿ ಹಾಕಿಸುತ್ತಾರೆ. ಅಲ್ಲಿಯ ಭಯ ಒಟ್ಟು ಕುಟುಂಬದ ಪಾಲಿನದು, ಇಲ್ಲಿಯದು ಹಣ ಹಾಕಿ ವಾಸವಿರುವವರದು. ಕಾರಣ ಬೇರೆಯಾದರೂ ಕಾಗದ ಹೆಚ್ಚುಕಡಿಮೆ ಒಂದೇ.

ಆರನೆಯ ಹಂತಕ್ಕೆ ಬರುವ ಹೊತ್ತಿಗೆ ನಾನು ಓದುವ ಕ್ರಮವನ್ನೇ ತಿರುಗಿಸಿಕೊಂಡಿದ್ದೆ. ಹಗಲು ಕಂಡ ದಾಖಲೆಯೊಂದನ್ನು ನೆನಪಿನಲ್ಲಿಟ್ಟುಕೊಂಡು, ಗ್ರಾಹಕರ ವಿವರ ಯಾವುದನ್ನೂ ಮನೆಗೆ ಒಯ್ಯದೆ, ರಾತ್ರಿ ಅದಕ್ಕೆ ಸಂಬಂಧಿಸಿದ ಅಧ್ಯಾಯವನ್ನು ತೆರೆಯುತ್ತಿದ್ದೆ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಪ್ರತಿ ಆಸ್ತಿಗೂ ಇರುವ ರಿಜಿಸ್ಟರಿನಲ್ಲಿ ಮೂರು ಭಾಗಗಳಿರುತ್ತವೆ: ಸ್ವತ್ತಿನ ವಿವರ, ಮಾಲೀಕರ ವಿವರ, ಋಣಭಾರಗಳ ವಿವರ. ಒಂದು ಹಳೆಯ ಮನೆಯ ಮೂರನೆಯ ಭಾಗದಲ್ಲಿ, ಅಲ್ಲಿ ಹಂದಿ ಸಾಕಕೂಡದು, ಮದ್ಯ ಮಾರಕೂಡದು ಎಂಬ ಷರತ್ತುಗಳಿದ್ದವು. ಮೊದಲು ಒಪ್ಪಿಕೊಂಡವರು ತೀರಿಹೋಗಿ ಎಷ್ಟೋ ಕಾಲವಾದರೂ ಇಂಥ ನಿಷೇಧ ಇಂದಿನ ಕೊಳ್ಳುವವನಿಗೂ ತಟ್ಟಬಹುದು. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಉದ್ಯಾನದ ಬಗ್ಗೆ 1848ರಲ್ಲಿ ತೀರ್ಮಾನವಾದ ಟಲ್ಕ್ ವಿರುದ್ಧ ಮಾಕ್ಸ್‌ಹೇ ಮೊಕದ್ದಮೆಯೇ ಇದರ ಮೂಲ. ಆದರೆ ಚಾವಣಿ ದುರಸ್ತಿ ಮಾಡುತ್ತೇನೆಂಬಂಥ, ಏನನ್ನಾದರೂ ಮಾಡಲೇಬೇಕೆಂಬ ಷರತ್ತು ಹೀಗೆ ಮುಂದಿನವರಿಗೆ ಅಂಟುವುದಿಲ್ಲವೆಂದು 1994ರ ರೋನ್ ವಿರುದ್ಧ ಸ್ಟೀಫನ್ಸ್ ತೀರ್ಪು ದೃಢಪಡಿಸಿತು. ಇಲ್ಲಿ ಫ್ಲಾಟುಗಳನ್ನು ಬಹುಮಟ್ಟಿಗೆ ದೀರ್ಘಾವಧಿ ಗುತ್ತಿಗೆಯಾಗಿಯೇ ಏಕೆ ಮಾರುತ್ತಾರೆಂಬ ನನ್ನ ಬಹುದಿನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ: ದುರಸ್ತಿಯ ಖರ್ಚನ್ನು ಮುಂದಿನ ಮಾಲೀಕರಿಗೂ ಕಟ್ಟಿಹಾಕಲು ಗುತ್ತಿಗೆಯಷ್ಟು ಭದ್ರವಾದ ಉಪಾಯ ಬೇರೆಯಿರಲಿಲ್ಲ.

ಅಸೈನ್‌ಮೆಂಟ್‌ಗಳ ಬಗ್ಗೆ ಒಂದು ಮಾತು. ಅವು ಸಾಮಾನ್ಯವಾಗಿ ಕಥೆಯ ರೂಪದಲ್ಲಿರುತ್ತವೆ: ಇಂಥವರು ಇಂಥ ಮನೆ ಕೊಳ್ಳುತ್ತಿದ್ದಾರೆ, ಅವರಿಗೆ ಸಲಹೆ ಕೊಡಿ. ಪರೀಕ್ಷೆಗೆ ಉರುಹೊಡೆದು ಬರೆದು ಬೆಳೆದ ನಮ್ಮಂಥವರು ಕಾನೂನನ್ನೆಲ್ಲ ಮೊದಲು ಸುರಿದುಬಿಡುತ್ತೇವೆ. ಕಕ್ಷಿದಾರರಿಗೆ ಪತ್ರ ಬರೆಯುವಂತೆ, ಅವರ ಸಂಗತಿಯಿಂದ ಹೊರಟು ಬೇಕಾದಷ್ಟೇ ಕಾನೂನನ್ನು ಹೇಳಿ, ಅವರೀಗ ಏನು ಮಾಡಬೇಕೆಂಬಲ್ಲಿ ನಿಲ್ಲಿಸಿದರೆ ಅಂಕ ತಾನಾಗಿ ಬರುತ್ತದೆ.

ಈ ಪರವಾನಗಿಯ ಬಗ್ಗೆ ಬೆಂಗಳೂರಿನಿಂದ ವಿಚಾರಿಸುವವರಿದ್ದಾರೆ. ಪಾಠಗಳನ್ನು ಎಲ್ಲಿ ಕುಳಿತಾದರೂ ಓದಬಹುದು, ಆದರೆ ಆ 1,200 ಗಂಟೆಗಳ ಕೆಲಸಕ್ಕೆ ಇಲ್ಲಿಯ ಕಚೇರಿಯೂ, ಸಹಿ ಹಾಕಿ ದೃಢೀಕರಿಸುವ ಇಲ್ಲಿಯ ವಕೀಲರೂ ಬೇಕಾಗುತ್ತಾರೆ. ಈ ಪರವಾನಗಿ ನಡೆಯುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಆಸ್ತಿಗಳಿಗೆ ಮಾತ್ರ. ಸ್ಕಾಟ್‌ಲೆಂಡಿನ ಭೂಕಾನೂನೇ ಬೇರೆ. ಪರವಾನಗಿ ಕೈಗೆ ಬಂದ ಕೂಡಲೇ ಸ್ವಂತ ಬೋರ್ಡು ಹಾಕಿಕೊಳ್ಳಲೂ ಆಗದು. ಬೇರೆಯವರ ಸಂಸ್ಥೆಯಲ್ಲಿ ಉದ್ಯೋಗಿಯಾಗಿ ಕೆಲಸ ಮಾಡಬಹುದು, ಸ್ವಂತ ಸಂಸ್ಥೆ ನಡೆಸಲು ಕೌನ್ಸಿಲ್‌ನಿಂದ ಪ್ರತ್ಯೇಕ ಅನುಮತಿ ಪಡೆಯಬೇಕು. ನಾನಿನ್ನೂ ಉದ್ಯೋಗಿಯಾಗಿಯೇ ಇದ್ದೇನೆ.