ಎಪಿ ಕೆಟ್ಟಿಲ್ಲ, ಕಂಟ್ರೋಲರ್ ವಿಳಾಸ ಸಿಕ್ಕಿಲ್ಲ

ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪ, ಎಲ್ಲಿ ಹೋದರೂ ಇದೇ ನೋಟ. ಏಣಿ ಮೇಲೆ ಒಬ್ಬ ಹುಡುಗ, ಕೈಯಲ್ಲೊಂದು ಪಿನ್. ಸೀಲಿಂಗಿಗೆ ಹಾಕಿದ ವೈಫೈ ಆಕ್ಸೆಸ್ ಪಾಯಿಂಟಿನ (ಎಪಿ) ಸಣ್ಣ ತೂತಿಗೆ ಅದನ್ನು ಚುಚ್ಚಿ ಹಿಡಿದಿರುತ್ತಾನೆ. "ಬಂತಾಣ್ಣ?" "ಇನ್ನೂ ಇಲ್ಲ ಕಣೋ, ಇನ್ನೊಂದು ಸಲ ಒತ್ತು." ಮೂರು ಸಲ ರೀಸೆಟ್ ಆದ ಮೇಲೆ, ಪೀಸೇ ಕೆಟ್ಟಿದೆ, ವಾಪಸ್ ಕಳಿಸೋಣ ಎಂಬ ತೀರ್ಮಾನ. ಹತ್ತರಲ್ಲಿ ಒಂಬತ್ತು ಸಲ ಪೀಸ್ ಚೆನ್ನಾಗಿಯೇ ಇರುತ್ತದೆ. ಎಪಿಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ತನ್ನ ಕಂಟ್ರೋಲರ್ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ, ಅಷ್ಟೇ.

ಈ ಲೇಖನ ಆ ಏಣಿ ಹತ್ತುವವರಿಗಾಗಿ. ಎಪಿ ಮತ್ತು ಕಂಟ್ರೋಲರ್ ಮಾತಾಡಿಕೊಳ್ಳುವುದು ಹೇಗೆ ಅಂತ ಒಂದು ಸಲ ತಿಳಿದರೆ ಪಿನ್ ಬೇಕಾಗುವುದೇ ಅಪರೂಪ.

ಮನೆಯ ವೈಫೈ ಡಬ್ಬಿಯ ಸೆಟ್ಟಿಂಗ್ ಅದರೊಳಗೇ ಇರುತ್ತದೆ. ಲಾಡ್ಜಿನಲ್ಲಿ ಹನ್ನೆರಡು ಎಪಿ ಇದ್ದರೆ ಒಂದು ಪಾಸ್‌ವರ್ಡ್ ಬದಲಿಸಲು ಹನ್ನೆರಡು ಕಡೆ ಲಾಗಿನ್ ಆಗಬೇಕು. ಆ ಕಷ್ಟ ತಪ್ಪಿಸಲು ಕಂಟ್ರೋಲರ್ ಬಂತು. ಏರ್‌ಸ್ಪೇಸ್ ಎಂಬ ಕಂಪನಿ ಇದಕ್ಕೆಂದು ಎಲ್‌ವ್ಯಾಪ್ ಎಂಬ ಸಂವಹನ ನಿಯಮ ಮಾಡಿತ್ತು. 2005ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. ಎಲ್‌ವ್ಯಾಪ್ ಆಧಾರದ ಮೇಲೆ 2009ರಲ್ಲಿ ಕ್ಯಾಪ್‌ವ್ಯಾಪ್ ಎಂಬ ಮಾನಕ ಬಂತು. ಅದರ ಸಂಖ್ಯೆ ಆರ್‌ಎಫ್‌ಸಿ 5415. ಮಾನಕ ಒಂದೇ ಅಲ್ವಾ, ಯಾವ ಎಪಿ ಬೇಕಾದರೂ ಯಾವ ಕಂಟ್ರೋಲರಿಗಾದರೂ ಸೇರುತ್ತದೆ ಎಂದುಕೊಂಡು ಬೇರೆ ಬೇರೆ ಬ್ರ್ಯಾಂಡ್ ಕೊಳ್ಳಬೇಡಿ. ಒಂದು ಬ್ರ್ಯಾಂಡಿನ ಎಪಿ ಇನ್ನೊಂದರ ಕಂಟ್ರೋಲರಿಗೆ ಸೇರುವುದಿಲ್ಲ. ಯೂನಿಫೈ, ಒಮಾಡ ಮುಂತಾದ ಬ್ರ್ಯಾಂಡುಗಳಿಗೆ ಅವುಗಳದ್ದೇ ಆದ ಭಾಷೆ ಇದೆ. ಆದರೆ ಹೆಜ್ಜೆಗಳು ಎಲ್ಲದರಲ್ಲೂ ಹೆಚ್ಚು ಕಡಿಮೆ ಇವೇ.

ಮೊದಲ ಹೆಜ್ಜೆ: ಕರೆಂಟು, ಕೇಬಲ್

ಎಪಿಗೆ ಕರೆಂಟು ನೆಟ್‌ವರ್ಕ್ ಕೇಬಲಿನಲ್ಲೇ ಬರುತ್ತದೆ. ಇದೇ ಪಿಒಇ. ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟ್ ಹಳೆಯ ಎಎಫ್ ಮಾನಕದ್ದಾದರೆ 15.4 ವ್ಯಾಟ್, ಎಟಿ ಆದರೆ 30 ವ್ಯಾಟ್ ಕೊಡುತ್ತದೆ. ನಿಮ್ಮ ಎಪಿಗೆ ಎಷ್ಟು ಬೇಕೆಂದು ನೋಡಿ ಹಾಕಿ. ಕೇಬಲ್ 100 ಮೀಟರ್ ದಾಟಬಾರದು.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಸಿಸಿಎ ಅಂತ ಬರೆದ ಕೇಬಲ್ ಕೊಳ್ಳಬೇಡಿ. ಅದು ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ತೆಳು ಲೇಪ ಅಷ್ಟೇ. ಬೆಲೆ ಕಡಿಮೆ, ನಿಜ. ಆದರೆ ಉದ್ದ ಎಳೆದಾಗ ವೋಲ್ಟೇಜ್ ಬೀಳುತ್ತದೆ. ಹಗಲು ಸುಮ್ನೆ ಇರುವ ಎಪಿ ರಾತ್ರಿ ಎಲ್ಲರೂ ವೀಡಿಯೊ ನೋಡುವಾಗ ತಾನಾಗಿ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಎಲ್ಲರೂ ಕಂಟ್ರೋಲರನ್ನು ಬೈಯುತ್ತಾರೆ. ಪೂರ್ತಿ ತಾಮ್ರದ ಕ್ಯಾಟ್ 6 ಹಾಕಿ. 24 ವೋಲ್ಟಿನ ಹಳೆ ಇಂಜೆಕ್ಟರುಗಳನ್ನು ಹೊಸ ಎಪಿಗೆ ಸಿಕ್ಕಿಸಲೂ ಬೇಡಿ. ಹೆಚ್ಚಿನ ಹೊಸ ಎಪಿಗಳಿಗೆ 48 ವೋಲ್ಟಿನ ಪಿಒಇ ಬೇಕು.

ಎರಡನೇ ಹೆಜ್ಜೆ: ಎಪಿಗೆ ಐಪಿ ವಿಳಾಸ

ಐಪಿ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ತಾನೇ ಪಡೆಯಲಿ. ಎಪಿಗಳಿಗೆಂದೇ ಬೇರೆ ವಿಎಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕ ನೆಟ್‌ವರ್ಕ್ ಮಾಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ: ಎಪಿ ಕಂಟ್ರೋಲರನ್ನು ಹುಡುಕುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲ ಮಾತು ಯಾವಾಗಲೂ ಎಪಿಯದ್ದು. ಹೊಸ ಎಪಿ ಇದೆ ಅಂತ ಕಂಟ್ರೋಲರಿಗೆ ಗೊತ್ತೇ ಇರುವುದಿಲ್ಲ. ಎಪಿಯೇ "ನಾನು ಬಂದಿದ್ದೇನೆ, ಕಂಟ್ರೋಲರ್ ಯಾರಿದ್ದೀರಿ?" ಎಂದು ಕೇಳಬೇಕು. ಕ್ಯಾಪ್‌ವ್ಯಾಪ್‌ನಲ್ಲಿ ಇದಕ್ಕೆ ಡಿಸ್ಕವರಿ ರಿಕ್ವೆಸ್ಟ್ ಅನ್ನುತ್ತಾರೆ. ಯಾರನ್ನು ಕೇಳಬೇಕು ಅಂತ ಎಪಿಗೆ ತಿಳಿಯಲು ನಾಲ್ಕು ದಾರಿಗಳಿವೆ.

ಒಂದು, ಕೂಗುವುದು. ಎಪಿ ತಾನಿರುವ ನೆಟ್‌ವರ್ಕಿಗೆಲ್ಲ ಕೇಳುವಂತೆ ಬ್ರಾಡ್‌ಕಾಸ್ಟ್ ಕಳಿಸುತ್ತದೆ. ವಠಾರದ ಅಂಗಳದಲ್ಲಿ ನಿಂತು ಕೂಗಿದ ಹಾಗೆ ಇದು. ವಠಾರದವರಿಗೆಲ್ಲ ಕೇಳಿಸುತ್ತದೆ, ಪಕ್ಕದ ಬೀದಿಗೆ ಕೇಳುವುದಿಲ್ಲ. ರೂಟರ್ ದಾಟಿ ಬ್ರಾಡ್‌ಕಾಸ್ಟ್ ಹೋಗುವುದಿಲ್ಲ. ಅಂಗಡಿಯಲ್ಲೋ ಆಫೀಸಿನ ಮೇಜಿನ ಮೇಲೋ ಪರೀಕ್ಷೆ ಮಾಡಿದಾಗ ಎಪಿ ತಕ್ಷಣ ಕಾಣಿಸಿತ್ತು, ಸೈಟಿನಲ್ಲಿ ಮಾತ್ರ ಕಾಣುತ್ತಿಲ್ಲ ಎಂಬ ದೂರಿಗೆ ಕಾರಣ ಇದೇ. ಮೇಜಿನ ಮೇಲೆ ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದವು. ಸೈಟಿನಲ್ಲಿ ಎಪಿ ಒಂದು ವಿಎಲ್ಯಾನಿನಲ್ಲಿದೆ, ಕಂಟ್ರೋಲರ್ ಇನ್ನೊಂದರಲ್ಲಿದೆ.

ಎರಡು, ಡಿಎಚ್‌ಸಿಪಿ ಜೊತೆಗೇ ವಿಳಾಸದ ಚೀಟಿ ಕೊಡುವುದು. ನನಗೆ ಇದೇ ಇಷ್ಟ. ಬೇರೆ ದಾರಿ ಹಿಡಿಯುವ ಮೊದಲು ಇದನ್ನೇ ಮಾಡಿ. ಎಪಿ ಐಪಿ ಕೇಳಿದಾಗ ಸರ್ವರ್ ಐಪಿಯ ಜೊತೆ "ನಿನ್ನ ಕಂಟ್ರೋಲರ್ ಇಲ್ಲಿದೆ" ಎಂದೂ ಹೇಳುತ್ತದೆ. ಸಿಸ್ಕೊ, ಯೂನಿಫೈ ಎರಡಕ್ಕೂ ಇದು 43ನೇ ಆಪ್ಷನ್.

ತಪ್ಪಾಗುವುದು ಇದನ್ನು ಬರೆಯುವಾಗ. ನಿಮ್ಮ ಕಂಟ್ರೋಲರ್ 192.168.20.5ರಲ್ಲಿದೆ ಎಂದುಕೊಳ್ಳಿ. ಇದನ್ನು ಹಾಗೇ ಟೈಪ್ ಮಾಡಿದರೆ ಆಗದು. ನಾಲ್ಕೂ ಸಂಖ್ಯೆಗಳನ್ನು ಹೆಕ್ಸಿಗೆ, ಅಂದರೆ ಹದಿನಾರರ ಲೆಕ್ಕಕ್ಕೆ ತಿರುಗಿಸಬೇಕು. 192ನ್ನು 16ರಿಂದ ಭಾಗಿಸಿ. 12 ಬರುತ್ತದೆ, ಶೇಷ 0. ಹೆಕ್ಸಿನಲ್ಲಿ 10ಕ್ಕೆ ಎ, 11ಕ್ಕೆ ಬಿ, 12ಕ್ಕೆ ಸಿ. ಹಾಗಾಗಿ 192 ಅಂದರೆ ಸಿ0. 168ಕ್ಕೆ 10, ಶೇಷ 8. ಅದು ಎ8. 20ಕ್ಕೆ 1, ಶೇಷ 4. ಅದು 14. ಕೊನೆಯ 5 ಅಂದರೆ 05. ಒಟ್ಟು ಸಿ0 ಎ8 14 05. ಅಕ್ಷರಗಳನ್ನು ಸರ್ವರಿನಲ್ಲಿ ಇಂಗ್ಲಿಷಿನಲ್ಲೇ ಹಾಕಬೇಕು.

ಇದರ ಮುಂದೆ ಎರಡು ಜೋಡಿ ಅಂಕಿ ಸೇರಿಸಬೇಕು. ಯೂನಿಫೈ ಆದರೆ 01 04. ಸಿಸ್ಕೊ ಆದರೆ ಎಫ್1 04. ಮೊದಲ ಜೋಡಿ "ಇದು ಕಂಟ್ರೋಲರ್ ವಿಳಾಸ" ಎಂಬ ಗುರುತು. ಎರಡನೆಯದು ಮುಂದೆ ಎಷ್ಟು ಬೈಟ್ ಬರುತ್ತವೆ ಎಂಬ ಲೆಕ್ಕ. ಒಂದು ಐಪಿಗೆ ನಾಲ್ಕು ಬೈಟ್, ಅದಕ್ಕೇ 04. ಸಿಸ್ಕೊದಲ್ಲಿ ಎರಡು ಕಂಟ್ರೋಲರ್ ಇದ್ದರೆ ಎಫ್1 08 ಎಂದು ಹಾಕಿ ಎರಡೂ ವಿಳಾಸಗಳನ್ನು ಒಂದರ ಹಿಂದೆ ಒಂದು ಬರೆಯಬೇಕು. ಎರಡನೇ ವಿಳಾಸ ಸೇರಿಸಿ 04 ಅನ್ನು ಹಾಗೇ ಬಿಡುವವರನ್ನು ಬಹಳ ನೋಡಿದ್ದೇನೆ.

ಇನ್ನೆರಡು ತಪ್ಪುಗಳು ಪದೇ ಪದೇ ಕಾಣುತ್ತವೆ. 05ರ ಸೊನ್ನೆ ಬಿಟ್ಟು ಬರೀ 5 ಬರೆಯುವುದು ಒಂದು. 20ನ್ನು 14 ಮಾಡದೆ 20 ಎಂದೇ ಬಿಡುವುದು ಇನ್ನೊಂದು. ಹೆಕ್ಸಿನ 20 ಅಂದರೆ ನಮ್ಮ ಲೆಕ್ಕದ 32. ಆಗ ಎಪಿ 192.168.32.5 ಎಂಬ, ಇಲ್ಲದೇ ಇರುವ ಕಂಟ್ರೋಲರನ್ನು ದಿನವಿಡೀ ಕೇಳುತ್ತಿರುತ್ತದೆ. ಪರದೆಯಲ್ಲಿ ಎಲ್ಲೂ ಕೆಂಪು ಎಚ್ಚರಿಕೆ ಬರುವುದಿಲ್ಲ, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಬರೆದ ಮೇಲೆ ಇನ್ನೊಬ್ಬರಿಗೆ ಕೊಟ್ಟು ವಾಪಸ್ ಲೆಕ್ಕ ಮಾಡಿಸಿ.

ಬರೆಯುವ ರೀತಿಯೂ ಸರ್ವರಿನಿಂದ ಸರ್ವರಿಗೆ ಬೇರೆ. ಮೈಕ್ರೊಟಿಕ್ ರೂಟರಿನಲ್ಲಿ ಮುಂದೆ 0ಎಕ್ಸ್ ಹಾಕಿ ಎಲ್ಲವನ್ನೂ ಒತ್ತಾಗಿ ಬರೆಯಬೇಕು. ಸಿಸ್ಕೊ ರೂಟರಿನಲ್ಲಿ ನಾಲ್ಕು ನಾಲ್ಕು ಅಂಕಿಗೆ ಚುಕ್ಕಿ ಬರುತ್ತದೆ. ಒಮಾಡದ ವಿಷಯ ಸುಲಭ. ಅದು ನೋಡುವುದು 138ನೇ ಆಪ್ಷನ್. ಅಲ್ಲಿ ಬರೀ ವಿಳಾಸ ಸಾಕು, ಮುಂದಿನ ಎರಡು ಜೋಡಿ ಬೇಡ.

ಎಪಿಗೆ ಬೇರೆ ವಿಎಲ್ಯಾನ್ ಮಾಡಿ ಎಂದಿದ್ದು ಈ 43ನೇ ಆಪ್ಷನ್ ಕಾರಣಕ್ಕೆ. ಕೆಲವು ಐಪಿ ಫೋನುಗಳೂ ಅದನ್ನೇ ಓದುತ್ತವೆ. ಎಲ್ಲರಿಗೂ ಒಂದೇ ಚೀಟಿ ಹಂಚಿದರೆ ಫೋನು ಎಪಿಯ ಚೀಟಿ ಓದಿ ದಾರಿ ತಪ್ಪುತ್ತದೆ.

ಚೀಟಿ ಬದಲಿಸಿದ ಮೇಲೆ ಎಪಿ ಮತ್ತೊಮ್ಮೆ ಐಪಿ ಕೇಳಬೇಕು. ಅದಕ್ಕೆ ಏಣಿ ಬೇಡ. ಸ್ವಿಚ್ಚಿಗೆ ಲಾಗಿನ್ ಆಗಿ ಆ ಪೋರ್ಟಿನ ಪಿಒಇ ನಿಲ್ಲಿಸಿ, ಮತ್ತೆ ಕೊಡಿ. ಅನುಮಾನ ಇದ್ದರೆ ಆ ಪೋರ್ಟಿನ ಸಂಚಾರದ ನಕಲು ನಿಮ್ಮ ಕಂಪ್ಯೂಟರಿಗೆ ಬರುವಂತೆ ಮಿರರ್ ಮಾಡಿ, ಅದನ್ನು ಓದಿ ತೋರಿಸುವ ವೈರ್‌ಶಾರ್ಕ್ ಹಾಕಿ. ಡಿಎಚ್‌ಸಿಪಿ ಆಫರಿನ ಒಳಗೆ 43 ಇದೆಯಾ, ಅದರಲ್ಲಿ ಏನಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರು, ಹೆಸರು ಹಿಡಿದು ಕೇಳುವುದು. ಯೂನಿಫೈ ಎಪಿ, ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ಸಿಗೆ "ಯೂನಿಫೈ" ಎಂಬ ಹೆಸರಿನ ವಿಳಾಸ ಕೇಳುತ್ತದೆ. ಸಿಸ್ಕೊ ಎಪಿ "ಸಿಸ್ಕೊ-ಕ್ಯಾಪ್‌ವ್ಯಾಪ್-ಕಂಟ್ರೋಲರ್" ಎಂಬ ಹೆಸರಿನ ಹಿಂದೆ ನಿಮ್ಮ ಡೊಮೈನ್ ಸೇರಿಸಿ ಕೇಳುತ್ತದೆ. ಒಳ್ಳೆ ದಾರಿಯೇ. ಆದರೆ ನಮ್ಮಲ್ಲಿ ಬಹಳ ಜನ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಅಂತ ಗೂಗಲ್ಲಿನ 8.8.8.8 ಹಾಕಿಬಿಡುತ್ತಾರೆ. ನಿಮ್ಮ ಕಟ್ಟಡದೊಳಗಿನ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? ಎಪಿ ವಿಎಲ್ಯಾನಿಗೆ ನಿಮ್ಮದೇ ಡಿಎನ್‌ಎಸ್ ಕೊಡಿ.

ನಾಲ್ಕು, ಕೈಯಾರೆ ಹೇಳುವುದು. ಯೂನಿಫೈ ಎಪಿಗೆ ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದಲೇ ಆಜ್ಞೆ ಟೈಪ್ ಮಾಡುವ ದಾರಿಯಲ್ಲಿ ಒಳಹೋಗಿ ಸೆಟ್-ಇನ್‌ಫಾರ್ಮ್ ಆಜ್ಞೆಯ ಜೊತೆ ಕಂಟ್ರೋಲರ್ ವಿಳಾಸ ಕೊಡಬಹುದು. ಒಂದೆರಡು ಎಪಿ ಇದ್ದರೆ ಸರಿ. ಎಪಿಯನ್ನು ಮೊದಲು ಕಂಟ್ರೋಲರಿನ ವಿಎಲ್ಯಾನಿಗೇ ಸಿಕ್ಕಿಸಿ, ಪರಿಚಯ ಮಾಡಿಸಿ, ಆಮೇಲೆ ಸೀಲಿಂಗಿಗೆ ಹಾಕುವ ಅಡ್ಡದಾರಿಯೂ ಇದೆ. ವಿಳಾಸ ನೆನಪಿಟ್ಟುಕೊಂಡು ಅದು ಕೆಲಸ ಮಾಡುತ್ತದೆ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಆರು ತಿಂಗಳ ಮೇಲೆ ಯಾರೋ ರೀಸೆಟ್ ಒತ್ತಿದರೆ ನೆನಪು ಅಳಿಸಿಹೋಗುತ್ತದೆ. ಮತ್ತೆ ಏಣಿ, ಮತ್ತೆ ಬಿಚ್ಚುವುದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಎಪಿ ಕೊಂಡವರಿಗೆ ಮಾತ್ರ ರೀಸೆಟ್ ನಿಜಕ್ಕೂ ಬೇಕು. ಅದರ ತಲೆಯಲ್ಲಿ ಹಳೆ ಮಾಲೀಕರ ಕಂಟ್ರೋಲರ್ ಇರುತ್ತದೆ. ಸೀಲಿಂಗಿಗೆ ಹಾಕುವ ಮೊದಲೇ, ಮೇಜಿನ ಮೇಲೆ, ಒಂದೇ ಸಲ ಮಾಡಿ ಮುಗಿಸಿ.

ಕಂಟ್ರೋಲರ್ ಸಾಫ್ಟ್‌ವೇರನ್ನು ಡಾಕರ್ (ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ವ್ಯವಸ್ಥೆ) ಒಳಗೆ ಓಡಿಸುವವರಿಗೆ ಇನ್ನೊಂದು ಸೂಚನೆ. ಯೂನಿಫೈಯಲ್ಲಿ ಎಪಿ ಕಾಣಿಸುತ್ತದೆ, ಅಡಾಪ್ಟ್ ಒತ್ತುತ್ತೀರಿ, ಸ್ವಲ್ಪ ಹೊತ್ತಿಗೆ ಮಾಯ. ಕಂಟ್ರೋಲರ್ ತನ್ನ ವಿಳಾಸ ಎಂದು 172.17ರಿಂದ ಶುರುವಾಗುವ ಡಾಕರ್ ಒಳಗಿನ ವಿಳಾಸ ಕೊಟ್ಟಿರುತ್ತದೆ. ಎಪಿ ಅಲ್ಲಿಗೆ ಹೋಗಲಾರದು. ಸೆಟ್ಟಿಂಗಿನಲ್ಲಿ ಇನ್‌ಫಾರ್ಮ್ ಹೋಸ್ಟ್ ಓವರ್‌ರೈಡ್ ಹುಡುಕಿ, ಅಲ್ಲಿ ಸರ್ವರಿನ ನಿಜವಾದ ಐಪಿ ಹಾಕಿ.

ನಾಲ್ಕನೇ ಹೆಜ್ಜೆ: ಬಾಗಿಲು ತೆರೆದಿಡುವುದು, ಗಡಿಯಾರ ಸರಿ ಮಾಡುವುದು

ವಿಳಾಸ ಸಿಕ್ಕರೂ ನಡುವೆ ಫೈರ್‌ವಾಲ್ ಇದ್ದರೆ ಮಾತು ನಿಲ್ಲುತ್ತದೆ. ಕ್ಯಾಪ್‌ವ್ಯಾಪ್‌ಗೆ ಯುಡಿಪಿ 5246 ಮತ್ತು 5247 ಪೋರ್ಟುಗಳು (ಇಲ್ಲಿ ಪೋರ್ಟ್ ಅಂದರೆ ಸ್ವಿಚ್ಚಿನ ತೂತಲ್ಲ, ಮಾತು ಹೋಗುವ ಬಾಗಿಲಿನ ಸಂಖ್ಯೆ) ಬೇಕು. ಮೊದಲನೆಯದು ಆಜ್ಞೆಗಳಿಗೆ, ಎರಡನೆಯದು ಬಳಕೆದಾರರ ಡೇಟಾಗೆ. ಯೂನಿಫೈಗೆ ಟಿಸಿಪಿ 8080 ಮತ್ತು ಯುಡಿಪಿ 3478. ಒಮಾಡದ ಹುಡುಕಾಟ ಯುಡಿಪಿ 29810ರಲ್ಲಿ, ಮುಂದಿನ ಮಾತು 29811ರಿಂದ ಶುರುವಾಗುವ ಟಿಸಿಪಿ ಪೋರ್ಟುಗಳಲ್ಲಿ. ಪಿಂಗ್ ಹೋಗುತ್ತಿದೆ, ಅಂದರೆ ದಾರಿ ಸರಿಯಿದೆ ಎಂದುಕೊಳ್ಳಬೇಡಿ. ಪಿಂಗ್ ಈ ಪೋರ್ಟುಗಳನ್ನು ಮುಟ್ಟುವುದೇ ಇಲ್ಲ.

ಕ್ಯಾಪ್‌ವ್ಯಾಪ್‌ನಲ್ಲಿ ಡಿಸ್ಕವರಿಗೆ ಉತ್ತರ ಬಂದ ಮೇಲೆ ಎಪಿ ಮತ್ತು ಕಂಟ್ರೋಲರ್ ಡಿಟಿಎಲ್‌ಎಸ್ ಎಂಬ ಗುಪ್ತ ಮಾತುಕತೆ ಶುರುಮಾಡುತ್ತವೆ. ಸಿಸ್ಕೊದಲ್ಲಿ ಆಗ ಇಬ್ಬರೂ ತಮ್ಮ ಪ್ರಮಾಣಪತ್ರ ತೋರಿಸಬೇಕು. ಪ್ರಮಾಣಪತ್ರಕ್ಕೆ ಶುರುವಿನ ದಿನಾಂಕ, ಮುಗಿಯುವ ದಿನಾಂಕ ಎರಡೂ ಇರುತ್ತವೆ. ಹಾಗಾಗಿ ಗಡಿಯಾರ ತಪ್ಪಿದ್ದರೆ ಕೆಲಸ ಕೆಡುತ್ತದೆ.

ಒಂದು ಹಾಸ್ಟೆಲಿನಲ್ಲಿ ಜೋರು ಮಳೆಯ ರಾತ್ರಿ ಕರೆಂಟು ಹೋಗಿ ಬಂತು. ಬೆಳಿಗ್ಗೆ ಒಂದು ಎಪಿಯೂ ಸೇರಿಲ್ಲ. ಸಿಡಿಲು ಹೊಡೆದಿದೆ, ಎಲ್ಲ ಸುಟ್ಟಿವೆ ಎಂದು ಹೊಸ ಎಪಿಗಳ ಕೊಟೇಶನ್ ಕೂಡ ತರಿಸಿದ್ದರು. ನಾನು ಹೋಗಿ ನೋಡಿದಾಗ ಕಂಟ್ರೋಲರ್ ಓಡುತ್ತಿದ್ದ ಸರ್ವರಿನ ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿತ್ತು. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಆ ದಿನಾಂಕದಲ್ಲಿ ಎಪಿಗಳ ಪ್ರಮಾಣಪತ್ರ ಇನ್ನೂ ಹುಟ್ಟೇ ಇರಲಿಲ್ಲ. ಸಮಯ ಸರಿ ಮಾಡಿದ್ದೇ ಒಂದೊಂದಾಗಿ ಎಲ್ಲವೂ ಬಂದವು. ಕಂಟ್ರೋಲರಿಗೆ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಹಾಕುವುದನ್ನು ಯಾವತ್ತೂ ಬಿಡಬೇಡಿ.

ಐದನೇ ಹೆಜ್ಜೆ: ಸೇರಿಕೊಳ್ಳುವುದು

ಇದು ತಾನಾಗಿ ಆಗುತ್ತದೆ. ಎಪಿ ಜಾಯಿನ್ ಕೇಳುತ್ತದೆ, ಫರ್ಮ್‌ವೇರ್ (ಎಪಿಯೊಳಗಿನ ಸಾಫ್ಟ್‌ವೇರ್) ಬೇರೆ ಇದ್ದರೆ ಇಳಿಸಿಕೊಂಡು ಮರುಚಾಲೂ ಆಗುತ್ತದೆ, ಸೆಟ್ಟಿಂಗ್ ತೆಗೆದುಕೊಂಡು ವೈಫೈ ಶುರುಮಾಡುತ್ತದೆ. ಫರ್ಮ್‌ವೇರ್ ಇಳಿಯುವಾಗ ಕರೆಂಟು ಮಾತ್ರ ತೆಗೆಯಬೇಡಿ. ಕಂಟ್ರೋಲರಿನಲ್ಲಿ ದೇಶ ಇಂಡಿಯಾ ಎಂದೇ ಆರಿಸಿ. 2018ರಿಂದ ನಮ್ಮಲ್ಲಿ 5 ಗಿಗಾಹರ್ಟ್ಸಿನ ಚಾನೆಲ್‌ಗಳು ಸಾಕಷ್ಟು ತೆರೆದಿವೆ, ಬೇರೆ ದೇಶದ ಹೆಸರು ಹಾಕುವ ಅಗತ್ಯವೇ ಇಲ್ಲ.

ಆರನೇ ಹೆಜ್ಜೆ: ಡೇಟಾ ಯಾವ ದಾರಿಯಲ್ಲಿ ಹೋಗಬೇಕು

ಕ್ಯಾಪ್‌ವ್ಯಾಪ್ ಕಂಟ್ರೋಲರಿದ್ದರೆ ಈ ಆಯ್ಕೆ ನಿಮ್ಮದು. ಬಳಕೆದಾರರ ಡೇಟಾ ಎಲ್ಲ ಸುರಂಗದೊಳಗೆ ಕಂಟ್ರೋಲರಿಗೆ ಹೋಗಿ ಅಲ್ಲಿಂದ ಹೊರಬರಬಹುದು. ಅಥವಾ ಎಪಿ ಪಕ್ಕದ ಸ್ವಿಚ್ಚಿನಲ್ಲೇ ಇಳಿಯಬಹುದು. ದೊಡ್ಡ ಕ್ಯಾಂಪಸ್ಸಿನಲ್ಲಿ ಕಂಟ್ರೋಲರ್ ಅಲ್ಲೇ ಇದ್ದರೆ ಸುರಂಗ ಚೆನ್ನ, ಜನ ನಡೆದಾಡಿದರೂ ಅವರ ಐಪಿ ಬದಲಾಗುವುದಿಲ್ಲ. ಕಂಟ್ರೋಲರ್ ಬೆಂಗಳೂರಿನಲ್ಲಿದ್ದು ಎಪಿ ಬೇರೆ ಊರಿನ ಶಾಖೆಯಲ್ಲಿದ್ದರೆ ಅಲ್ಲೇ ಇಳಿಸಿ. ಸಿಸ್ಕೊದಲ್ಲಿ ಇದಕ್ಕೆ ಫ್ಲೆಕ್ಸ್‌ಕನೆಕ್ಟ್ ಅನ್ನುತ್ತಾರೆ. ಇಲ್ಲದಿದ್ದರೆ ಶಾಖೆಯ ಪಕ್ಕದ ಮೇಜಿನ ಪ್ರಿಂಟರಿಗೆ ಕಳಿಸಿದ ಪುಟವೂ ಬೆಂಗಳೂರಿಗೆ ಹೋಗಿ ಬರುತ್ತದೆ. ನಡುವಿನ ಲೈನ್ ಬಿದ್ದರೆ ವೈಫೈಯೂ ನಿಲ್ಲುತ್ತದೆ.

ಕೊನೆಗೆ ಪರೀಕ್ಷೆ

ಸೇರಿದ ಎಪಿ ಸುಮ್ಮನಿರುವುದಿಲ್ಲ. ಕ್ಯಾಪ್‌ವ್ಯಾಪ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಕಂಟ್ರೋಲರನ್ನು ಕೇಳುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕೆಲವು ಸಲ ಕೇಳಿ, ಆಮೇಲೆ ಹೊಸದಾಗಿ ಹುಡುಕಾಟಕ್ಕೆ ಇಳಿಯುತ್ತದೆ. ಮೂರನೇ ಹೆಜ್ಜೆ ಸರಿಯಾಗಿದೆಯಾ ಅನ್ನುವುದು ಗೊತ್ತಾಗುವುದು ಆಗಲೇ.

ಹಾಗಾಗಿ ಬಿಲ್ ಕೊಡುವ ಮೊದಲು ಇದನ್ನು ಮಾಡಿ. ಪಿಒಇ ಸ್ವಿಚ್ ಬಂದ್ ಮಾಡಿ. ಕಂಟ್ರೋಲರ್ ಬಂದ್ ಮಾಡಿ. ಐದು ನಿಮಿಷ ಬಿಟ್ಟು ಮೊದಲು ಸ್ವಿಚ್, ಆಮೇಲೆ ಕಂಟ್ರೋಲರ್ ಹಾಕಿ. ಯಾರೂ ಏನೂ ಮುಟ್ಟದೆ ಎಪಿಗಳೆಲ್ಲ ಪಟ್ಟಿಗೆ ಬರಬೇಕು. ಜೊತೆಗೆ ಒಂದು ಎಪಿಯನ್ನು ಬೇಕೆಂದೇ ರೀಸೆಟ್ ಮಾಡಿ, ಅದು ತಾನಾಗಿ ಕಂಟ್ರೋಲರಿನ ಹೊಸ ಎಪಿಗಳ ಸಾಲಿನಲ್ಲಿ ಕಾಣಿಸುತ್ತದೆಯಾ ನೋಡಿ. ಬಂದರೆ ಆಪ್ಷನ್ 43ರ ಆ ಹೆಕ್ಸ್ ಸಾಲು, ಕಂಟ್ರೋಲರ್ ಐಪಿ, ಎಪಿ ವಿಎಲ್ಯಾನ್ ಸಂಖ್ಯೆ, ಯಾವ ಪೋರ್ಟಿನಲ್ಲಿ ಯಾವ ಎಪಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ರ‍್ಯಾಕ್ ಬಾಗಿಲಿನ ಒಳಗಡೆ ಅಂಟಿಸಿ.