ನಳಿಗೆ ಹೊಸದು, ಗ್ಯಾಪ್ ಸರಿ ಇದೆಯಾ? ರೈಫಲ್ ಹೆಡ್‌ಸ್ಪೇಸ್ ನೋಡುವುದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ರೈಫಲ್ಲಿಗೆ ನಳಿಗೆ ಹಾಕುವುದು ಮನೆಯ ಜಗಲಿಯಲ್ಲಿ ಕೂತು ಮಾಡುವ ಕೆಲಸ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಪರೀಕ್ಷೆಗೂ ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳಲು ನಿಮಗೆ ಕೊಟ್ಟಿರುವ ಲೈಸೆನ್ಸ್ ಅದಕ್ಕೆ ಸಾಲದು. ಕೆಲಸ ಲೈಸೆನ್ಸ್ ಇರುವ ಕೋವಿ ರಿಪೇರಿಯವರದ್ದು. ಆದರೆ ಪಕ್ಕದಲ್ಲಿ ನಿಂತು ಏನು ನೋಡಬೇಕು, ಏನು ಕೇಳಬೇಕು ಅಂತ ಗೊತ್ತಿರಬೇಕಲ್ವಾ?

ಚನ್ನಗಿರಿ, ಹೊಳಲ್ಕೆರೆ ಕಡೆ ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತದೆ ಅಂತ ಲೈಸೆನ್ಸ್ ಮಾಡಿಸಿದವರಿದ್ದಾರೆ, ತಾತನ ಕಾಲದ ರೈಫಲ್ ಹೆಸರಿಗೆ ಮಾಡಿಸಿಕೊಂಡವರೂ ಇದ್ದಾರೆ. ರಿಪೇರಿಯಿಂದ ಬಂದ ಕೋವಿಯನ್ನು ನಮ್ಮ ಜನ ನೋಡುವುದು ಹೇಗೆ ಅಂದರೆ, ನಳಿಗೆಯೊಳಗೆ ಒಂದು ಕಣ್ಣು ಹಾಯಿಸಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಎರಡು ಸಲ ಹಿಂದೆ ಮುಂದೆ ಎಳೆದು, ಸರಿ ಇದೆ ಬಿಡಿ ಅಂತ ದುಡ್ಡು ಕೊಟ್ಟು ಹೊರಡುವುದು. ಹೆಡ್‌ಸ್ಪೇಸ್ ಹಾಗೆ ಕಣ್ಣಿಗೆ ಕಾಣುವಂಥದ್ದಲ್ಲ.

ತೋಟಾ ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿನೊಳಗೆ, ಹೋಗಿ ಒಂದು ಕಡೆ ತಡೆದು ನಿಲ್ಲುತ್ತದೆ. ಆ ಜಾಗದಿಂದ ಬೋಲ್ಟಿನ ಮುಖದವರೆಗಿನ ಅಂತರವೇ ಹೆಡ್‌ಸ್ಪೇಸ್. .308, .30-06 ತೋಟಾಗಳು ನಿಲ್ಲುವುದು ಹೆಗಲಿನ ಇಳಿಜಾರಿನಲ್ಲಿ, ಅಂದರೆ ತೋಟಾ ಕುತ್ತಿಗೆಯ ಕಡೆಗೆ ಕಿರಿದಾಗುವ ಜಾಗದಲ್ಲಿ. .22, .303, ನಮ್ಮ .315, ಹನ್ನೆರಡು ಬೋರು, ಇವೆಲ್ಲ ಹಿಂದಿನ ಅಂಚಿನ ಮೇಲೆ ನಿಲ್ಲುತ್ತವೆ. ಅಂತರ ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ, ಅಷ್ಟೇ. ಜಾಸ್ತಿಯಾದರೆ ಕಷ್ಟ. ಸಿಡಿದ ಕ್ಷಣ ಹಿತ್ತಾಳೆ ಕೇಸಿನ ಮುಂಭಾಗ ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ, ಬುಡವನ್ನು ಒತ್ತಡ ಹಿಂದಕ್ಕೆ ನೂಕುತ್ತದೆ, ನಡುವೆ ಹಿತ್ತಾಳೆ ಹಿಗ್ಗಿ ತೆಳ್ಳಗಾಗುತ್ತದೆ. ಹರಿಯಿತೋ, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ನಿಮ್ಮ ಮುಖ.

ಇದನ್ನು ಅಳೆಯಲು ಗಟ್ಟಿ ಉಕ್ಕಿನ ಎರಡು ಗೇಜುಗಳಿವೆ, ಗೋ ಮತ್ತು ನೋ-ಗೋ. .308ಕ್ಕೆ ಗೋ ಗೇಜು 1.630 ಇಂಚು, ನೋ-ಗೋ 1.634 ಇಂಚು. ವ್ಯತ್ಯಾಸ ಇಂಚಿನ ಸಾವಿರದಲ್ಲಿ ನಾಲ್ಕು ಭಾಗ, ಅಂದರೆ ಒಂದು ಕಾಗದದ ಹಾಳೆಯಷ್ಟು ದಪ್ಪ. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಹೊಸ ನಳಿಗೆಗೆ ಇದಿಷ್ಟೇ ನಿಯಮ.

ಕೆಲಸ ಹೀಗೆ ನಡೆಯಬೇಕು. ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ, ತೋಟಾಗಳನ್ನೆಲ್ಲ ಆ ಕೋಣೆಯಿಂದಲೇ ಆಚೆ ಇಡಬೇಕು. ಆಮೇಲೆ ಬೋಲ್ಟ್ ಬಿಚ್ಚಿ ಒಳಗಿನ ಪಿನ್ನು, ಸ್ಪ್ರಿಂಗು, ಕೇಸು ಎಳೆಯುವ ಕೊಕ್ಕೆ, ಹೊರಹಾಕುವ ಗುಂಡಿ ಎಲ್ಲ ತೆಗೆಯಬೇಕು. ಯಾಕೆ ಅಂದರೆ ಆ ಸ್ಪ್ರಿಂಗುಗಳ ಬಿಗಿಯೂ ಗೇಜಿನ ಬಿಗಿಯೂ ಕೈಗೆ ಒಂದೇ ಥರ ಗೊತ್ತಾಗುತ್ತದೆ. ಚೇಂಬರ್, ಬೋಲ್ಟಿನ ಮುಖ, ಬೋಲ್ಟನ್ನು ಬೀಗದಂತೆ ಹಿಡಿಯುವ ಲಗ್ಗುಗಳು ಒರೆಸಿ ಒಣಗಿರಬೇಕು, ಒಂದು ಚೂರು ಲೋಹದ ಪುಡಿ ಇದ್ದರೂ ಅಳತೆ ಸುಳ್ಳಾಗುತ್ತದೆ.

ಈಗ ಗೋ ಗೇಜು ಇಟ್ಟು ಬೋಲ್ಟಿನ ಹಿಡಿಯನ್ನು ಒಂದೇ ಬೆರಳಲ್ಲಿ ಕೆಳಗೆ ತಳ್ಳಬೇಕು. ಅಂಗೈ ಹಾಕಿ ಒತ್ತಿದರೆ ಗೇಜು ಸೋಲುವುದಿಲ್ಲ, ಬೋಲ್ಟಿನ ಲಗ್ಗಿಗೇ ಪೆಟ್ಟು. ಮುಚ್ಚದಿದ್ದರೆ ಚೇಂಬರ್ ಇನ್ನೂ ಗಿಡ್ಡ ಇದೆ ಅಂತ ಅರ್ಥ, ರೀಮರ್ (ಚೇಂಬರ್ ಕೆರೆಯುವ ಉಪಕರಣ) ಹಾಕಿ ಚೂರೇ ಚೂರು ಕೆರೆದು, ತೊಳೆದು, ಮತ್ತೆ ಗೇಜು ಹಾಕಬೇಕು. ಇಲ್ಲಿ ಆತುರ ಪಟ್ಟವನು ಕೆಟ್ಟ, ಕೆರೆದ ಲೋಹ ವಾಪಸ್ ಬರುವುದಿಲ್ಲ. ಸ್ಯಾವೇಜ್ ಥರದ ರೈಫಲ್ಲುಗಳಲ್ಲಿ ನಳಿಗೆಗೆ ದೊಡ್ಡ ನಟ್ಟು ಇರುತ್ತದೆ, ಅದರಲ್ಲಿ ಸುಲಭ: ಗೋ ಗೇಜಿಟ್ಟು ಬೋಲ್ಟ್ ಮುಚ್ಚಿ, ನಳಿಗೆ ಗೇಜಿಗೆ ತಾಗುವವರೆಗೆ ತಿರುಗಿಸಿ, ನಟ್ಟು ಬಿಗಿ ಮಾಡುವುದು. ಆದರೆ ಬಿಗಿ ಮಾಡುವಾಗಲೇ ನಳಿಗೆ ಸ್ವಲ್ಪ ಸರಿಯುತ್ತದೆ, ಅದಕ್ಕೇ ಬಿಗಿಯಾದ ಮೇಲೆ ಎರಡೂ ಗೇಜು ಮತ್ತೆ ಹಾಕಿಸಿ.

‘ಗೇಜು ಯಾಕೆ ಸಾರ್, ಹೊಸ ತೋಟಾ ಹಾಕಿ ಬೋಲ್ಟ್ ಮುಚ್ಚಿದರೆ ಆಯ್ತಲ್ಲ’ ಅಂದರೆ ಒಪ್ಪಬೇಡಿ. ಎಲ್ಲ ರೈಫಲ್ಲಿಗೂ ಹೋಗಲಿ ಅಂತ ಕಾರ್ಖಾನೆಯವರು ತೋಟಾವನ್ನು ಕೊಂಚ ಗಿಡ್ಡವೇ ಮಾಡಿರುತ್ತಾರೆ, ಹೆಡ್‌ಸ್ಪೇಸ್ ಜಾಸ್ತಿ ಇರುವ ರೈಫಲ್ಲಿನಲ್ಲೂ ಅದು ಸಲೀಸಾಗಿ ಕೂರುತ್ತದೆ. ತೋಟಾ ಕೂತಿತು ಅನ್ನುವುದು ಸಾಕ್ಷಿಯೇ ಅಲ್ಲ.

ಮೊದಲ ಗುಂಡನ್ನು ಭುಜಕ್ಕಿಟ್ಟು ಹಾರಿಸಬಾರದು. ಸ್ಟ್ಯಾಂಡಿಗೆ ಕಟ್ಟಿ, ದೂರದಿಂದ ದಾರ ಎಳೆದು ಹಾರಿಸುವುದು ರಿಪೇರಿಯವರದ್ದೇ ಜವಾಬ್ದಾರಿ. ಆ ಖಾಲಿ ಕೇಸುಗಳನ್ನು ತೋರಿಸಿ ಅಂತ ಕೇಳಿ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಇದ್ದರೆ ಅನುಮಾನ ಪಡಿ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಕೇಸಿನೊಳಗೆ ಬಿಟ್ಟು ಗೋಡೆಗುಂಟ ಮೇಲಕ್ಕೆ ಎಳೆಯಿರಿ. ಒಂದು ಕಡೆ ತುದಿ ಸಣ್ಣ ತಗ್ಗಿಗೆ ಬಿದ್ದು ತಡೆದರೆ ಹಿತ್ತಾಳೆ ಅಲ್ಲೇ ಹಿಗ್ಗಿದೆ ಅಂತ ತಿಳಿಯಿರಿ. ಕೋವಿ ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು. ಹೆಡ್‌ಸ್ಪೇಸ್ ಸರಿ ಇರುವುದು ಆ ನಳಿಗೆಗೆ ಆ ಬೋಲ್ಟ್ ಇರುವವರೆಗೆ ಮಾತ್ರ. ಲೀ-ಎನ್‌ಫೀಲ್ಡ್ ನಂಬರ್ 4 ಅನ್ನುವ .303 ರೈಫಲ್ಲಿನಲ್ಲಿ ಅಂತರ ಸರಿಮಾಡಲೆಂದೇ 0ಯಿಂದ 3ರವರೆಗೆ ಅಳತೆಯ ಬೋಲ್ಟ್ ತಲೆಗಳಿದ್ದವು. ಚುನಾವಣೆ ಬಂತು ಅಂದರೆ ಕೋವಿ ಸ್ಟೇಷನ್ನಿಗೆ ಜಮಾ ಆಗುತ್ತದೆ, ಅಲ್ಲಿ ಒಂದೇ ಥರದವು ಸಾಲಾಗಿ ನಿಂತಿರುತ್ತವೆ. ವಾಪಸ್ ತರುವಾಗ ರಸೀದಿಯ ಜೊತೆಗೆ ಬೋಲ್ಟಿನ ಮೇಲಿನ ನಂಬರನ್ನೂ ರೈಫಲ್ಲಿನ ನಂಬರಿಗೆ ತಾಳೆ ನೋಡಿಯೇ ಸಹಿ ಹಾಕಿ.