ಹಳ್ಳಿಯಲ್ಲಿ ಸಂಜೆ ಓದುಕೂಟ ನಡೆಸುವುದು ಹೇಗೆ?

ಜಮಖಂಡಿ, ಮುಧೋಳ ಸುತ್ತಿನ ಹಳ್ಳಿಗಳಲ್ಲಿ ಕಾಲೇಜು ಸಂಘ ಮಕ್ಕಳಿಗೂ ದೊಡ್ಡವರಿಗೂ ಓದು ಕಲಿಸುವ ಓದುಕೂಟ ತೆರೆಯುವುದಾದರೆ ಜೂನ್–ಜುಲೈನಲ್ಲೇ ತೆರೆಯಿರಿ. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಜೋರಾಗಿ, ಹಾಜರಿ ಕುಸಿಯುತ್ತದೆ.

ಜಾಗಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಕೇಳಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಲಿಖಿತ ಅರ್ಜಿ ಕೊಡಿ. ಶಾಲೆಯ ಕೋಣೆಯಾದರೆ ಮುಖ್ಯ ಶಿಕ್ಷಕರ ಜೊತೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಒಪ್ಪಿಗೆಯೂ ಇರಲಿ. ಗುಡಿಯ ಪಡಸಾಲೆ ಸುಲಭಕ್ಕೆ ಸಿಗುತ್ತದೆ, ಆದರೆ ಕೆಲವು ಓಣಿಯ ಮಕ್ಕಳು ಅಲ್ಲಿಗೆ ಕಾಲಿಡುವುದಿಲ್ಲ. ಬೇಡ.

ಮೊದಲ ದಿನ ಪಾಠ ಮಾಡಬೇಡಿ. ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಅಕ್ಷರ, ಒತ್ತಿಲ್ಲದ ಪದ, ನಾಲ್ಕು ಸಾಲು ಓದಿಸಿ. ಗುಂಪು ಮಾಡುವುದು ತರಗತಿ ನೋಡಿ ಅಲ್ಲ, ಓದುವ ಮಟ್ಟ ನೋಡಿ. ಗುಂಪಿಗೆ 8–10 ಮಕ್ಕಳು, ಇಬ್ಬರು ಕಾರ್ಯಕರ್ತರು. ಒಬ್ಬರಿಗೆ ಪರೀಕ್ಷೆ ಬಂದರೂ ಕೂಟ ನಿಲ್ಲಬಾರದು.

ಮಗು ಸರಾಗ ಓದಿತೆಂದು ಹಿಗ್ಗಬೇಡಿ. ಬಾಯಿಪಾಠ ಇರಬಹುದು. ಚಿತ್ರ ಮುಚ್ಚಿ, ಕೊನೆಯ ಸಾಲಿನಿಂದ ಓದಿಸಿದರೆ ಗೊತ್ತಾಗುತ್ತದೆ. ಬಹಳ ಮಕ್ಕಳು ಮುಗ್ಗರಿಸುವುದು ಒತ್ತಕ್ಷರದಲ್ಲಿ. ಅಕ್ಕ, ಅಜ್ಜ, ಹಳ್ಳಿ ಮೊದಲು. ಪುಸ್ತಕ, ಚಂದ್ರ ಆಮೇಲೆ. ಅರ್ಕಾವೊತ್ತು (‘ರ್’ ಸದ್ದಿನ ಗುರುತು) ಕಡೆಗಿರಲಿ: ‘ಸೂರ್ಯ’ದಲ್ಲಿ ಅದರ ಗುರುತು ಯಕಾರದ ನಂತರ ಬರುತ್ತದೆ, ಉಚ್ಚಾರ ಮೊದಲು ಬರುತ್ತದೆ.

ದೊಡ್ಡವರಿಗೆ ಅವರದೇ ಹೆಸರು, ಊರು, ಬಸ್ ಬೋರ್ಡಿನಿಂದ ಶುರು ಮಾಡಿ. ನಲವತ್ತು ದಾಟಿದವರು ಅಕ್ಷರ ತಪ್ಪಿದರೆ ಮೊದಲು ಚಸ್ಮಾ ಬೇಕೇ ನೋಡಿ. ಎಷ್ಟೋ ಸಲ ತೊಂದರೆ ಕಣ್ಣಿನದು. ಸಂತೆ ದಿನ ರಜೆ ಕೊಟ್ಟುಬಿಡಿ.